ಹೊಡೆದು ಹಾಕಿದ ಒಂಬತ್ತನೆಯ ಸಾಲು

ಜೂನ್ 11

ಮಾನ್ಯ ಚರ್ಮ ಚಿಕಿತ್ಸಕಿಯವರಿಗೆ,

ಜೂನ್ 2ರಂದು ತಾವು ತಮ್ಮ ಕ್ಲಿನಿಕ್ಕಿನ ಮೂರನೇ ಕೋಣೆಯಲ್ಲಿ ನನ್ನ ಮುಖಕ್ಕೆ ಕೆಮಿಕಲ್ ಪೀಲ್ ಮಾಡಿದಿರಿ. ಇವತ್ತಿಗೆ ಒಂಬತ್ತು ದಿನ. ವಾರದೊಳಗೆ ಹಳೆ ಚರ್ಮ ಉದುರಿ ಹೊಸದು ಬರುತ್ತದೆ, ಮೊಡವೆಯ ಗುಳಿಗಳು ಮಾಸುತ್ತವೆ, ಕನ್ನಡಿಯಲ್ಲಿ ನಿನ್ನ ಗುರುತು ನಿನಗೇ ಸಿಗುವುದಿಲ್ಲ ಎಂದಿದ್ದಿರಿ. ಮಾತು ಉಳಿಸಿಕೊಂಡಿರಿ. ಹಣೆ, ಮೂಗು, ಗದ್ದ, ಬಲಗೆನ್ನೆ ಚೆನ್ನಾಗಿವೆ. ಎಡಗೆನ್ನೆಯ ಮೂಳೆಯ ಮೇಲೆ ಹೆಬ್ಬೆರಳಿನ ಗಾತ್ರದ ಕಂದು ಕಲೆಯೊಂದು ಬಂದು ಕೂತಿದೆ. ಗುಳಿಗಳಾದರೂ ನನ್ನವಾಗಿದ್ದವು, ಹದಿನೈದು ವರ್ಷ ಜೊತೆಗಿದ್ದವು. ಇದು ತಾವು ಕೊಟ್ಟದ್ದು.

ನಾನು ಏನನ್ನೂ ತಪ್ಪಿಸಿಲ್ಲ. ಹನ್ನೆರಡು ಸಾಲಿನ ಆರೈಕೆಯ ಹಾಳೆಯಲ್ಲಿ ಒಂದು ಸಾಲನ್ನು ತಾವೇ ಹೊಡೆದು ಹಾಕಿದಿರಿ. ಉಳಿದ ಹನ್ನೊಂದನ್ನು ಗೋಡೆಗೆ ಅಂಟಿಸಿಕೊಂಡು ಪಾಲಿಸಿದ್ದೇನೆ. ಮೊದಲ ದಿನ ತಣ್ಣೀರು ಬಿಟ್ಟು ಏನನ್ನೂ ಸೋಕಿಸಲಿಲ್ಲ. ಸೋಪು ಮುಟ್ಟಲಿಲ್ಲ. ಉಜ್ಜದೆ ಹತ್ತಿ ಬಟ್ಟೆ ಒತ್ತಿ ನೀರು ತೆಗೆದೆ. ದಿನಕ್ಕೆ ನಾಲ್ಕು ಸಲ ಪೆಟ್ರೋಲಿಯಂ ಜೆಲ್ಲಿ ಬಳಿದುಕೊಂಡು ಎಣ್ಣೆ ಬಾಣಲೆಯ ಹಾಗೆ ಹೊಳೆಯುತ್ತಾ ಓಡಾಡಿದೆ. ಅಂಗಾತವೇ ಮಲಗಿದೆ, ದಿಂಬಿನ ಕವರನ್ನು ದಿನಾ ಬದಲಿಸಿದೆ. ಸಿಪ್ಪೆ ಏಳುತ್ತಿದ್ದಾಗ ಕೈ ಎಷ್ಟು ತುರಿಸಿದರೂ ಕೀಳಲಿಲ್ಲ.

ಫೋನ್ ಮಾಡಬೇಡಿ, ನಿಮ್ಮ ನಂಬರನ್ನು ಬ್ಲಾಕ್ ಮಾಡಿದ್ದೇನೆ. ಬಾಯಲ್ಲಿ ಹೇಳಿ ಆಮೇಲೆ "ನಾನು ಹಾಗಂದೇ ಇಲ್ಲ" ಅನ್ನುವುದು ನಮ್ಮ ಮನೆಯ ಹಳೇ ಚಾಳಿ. ಏನಿದ್ದರೂ ಕಾಗದದ ಮೇಲೆ ಬರಲಿ, ಕೆಳಗೆ ಸಹಿ ಇರಲಿ. ಆ ದಿನದ ನನ್ನ ಕೇಸ್ ಶೀಟಿನ ಪ್ರತಿಯೂ ಬೇಕು.

ಕೆಲಸದ ಜಾಗದಲ್ಲಿ ಮುಂದಿನ ತಿಂಗಳಿನಿಂದ ನನ್ನನ್ನು ಎದುರಿನ ಕೌಂಟರಿನಲ್ಲಿ ಕೂರಿಸುವವರಿದ್ದರು, "ಮುಖ ಒಂದು ಸರಿ ಮಾಡ್ಕೊಂಡು ಬಾ" ಅಂದಿದ್ದರು. ತಮ್ಮ ಹತ್ತಿರ ಬಂದದ್ದು ಅದಕ್ಕೆ, ತಮ್ಮ ಮೇಲಿನ ಪ್ರೀತಿಯಿಂದಲ್ಲ.

ಇಂತಿ,
ತಮ್ಮ ರೋಗಿ, ದುರದೃಷ್ಟಕ್ಕೆ ಒಡಹುಟ್ಟಿದವಳೂ ಹೌದು


ಜೂನ್ 16

ಪಿಟೀಲು,

ಮಾನ್ಯ, ತಾವು, ತಮ್ಮ, ಈ ನಾಟಕವೆಲ್ಲ ಯಾರ ಮುಂದೆ? ಹಸಿವಾದರೂ ಅದೇ ರಾಗ, ಚಪ್ಪಲಿ ಕಚ್ಚಿದರೂ ಅದೇ ರಾಗ ಎಂದು ಅಪ್ಪ ನಿನಗೆ ಇಟ್ಟ ಹೆಸರು ಇವತ್ತಿಗೂ ಸುಳ್ಳಾಗಿಲ್ಲ. ಮೂವತ್ತೆರಡು ವರ್ಷವಾದರೂ ನಿನ್ನ ರಾಗ ಬದಲಾಗಲಿಲ್ಲವಲ್ಲ ಮಾರಾಯ್ತಿ.

ಸಿಪ್ಪೆ ಕೀಳಲಿಲ್ಲ ಎನ್ನುತ್ತೀಯ. ಶಾಲೆಯಿಂದ ಬಂದವಳೇ ಅಂಗೈಗೆ ಗೋಂದು ಬಳಿದುಕೊಂಡು, ಒಣಗುವವರೆಗೂ ಊದಿ ಊದಿ, ಆಮೇಲೆ ಅದನ್ನು ಸುಲಿಯುತ್ತಾ ಗಂಟೆಗಟ್ಟಲೆ ಕೂರುತ್ತಿದ್ದವಳು ಯಾರು? ಮೊಣಕಾಲಿನ ಗಾಯದ ಹಕ್ಕಳೆಯನ್ನು ಒಂದಾದರೂ ತಾನಾಗಿ ಉದುರಲು ಬಿಟ್ಟಿದ್ದೀಯಾ? ಇಂಥವಳು ಕೆನ್ನೆಯ ಮೇಲೆ ಜೋತಾಡುವ ಸಿಪ್ಪೆಯನ್ನು ವಾರಗಟ್ಟಲೆ ಸುಮ್ಮನೆ ನೋಡಿದಳು ಎಂದರೆ ನಂಬುವುದಕ್ಕೆ ನಾನೇನು ಕಿವಿಯ ಮೇಲೆ ಹೂ ಇಟ್ಟುಕೊಂಡಿಲ್ಲ. ಸಿಪ್ಪೆಯನ್ನು ಹೊತ್ತಿಗೆ ಮುಂಚೆ ಕಿತ್ತರೆ ಅಡಿಯ ಚರ್ಮ ಹಸಿಯಾಗಿರುತ್ತದೆ, ಅಲ್ಲಿ ಕಲೆ ಕಟ್ಟುತ್ತದೆ. ಮಾಡಿದ್ದುಣ್ಣೋ ಮಹಾರಾಯ.

ಎಂಟು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ನನ್ನ ಕೈಯಲ್ಲಿ ಒಂದು ಮುಖ ಕೆಟ್ಟಿಲ್ಲ. ನಮ್ಮ ಡಾಕ್ಟರು ಹೊಸಬರಿಗೆ ಕೆಲಸ ಕಲಿಸುವಾಗ ನನ್ನ ಕೇಸ್ ಶೀಟುಗಳನ್ನೇ ತೆಗೆದು ತೋರಿಸುತ್ತಾರೆ. ನಿನ್ನದರ ಪ್ರತಿ ಇದರ ಜೊತೆಗಿದೆ. ಹಣೆ, ಬಲಗೆನ್ನೆ, ಮೂಗು, ಗದ್ದ, ಎಡಗೆನ್ನೆ, ಎಲ್ಲದರ ಮೇಲೂ ಆಸಿಡ್ಡು ಮೂರೇ ನಿಮಿಷ. ಟೈಮರು ನಿನ್ನ ತಲೆಯ ಪಕ್ಕದಲ್ಲೇ ಇತ್ತು. ಅದಕ್ಕೆ ಅಕ್ಕನೂ ಇಲ್ಲ, ತಂಗಿಯೂ ಇಲ್ಲ.

ಈಗ ಕೇಳು. ಕಲೆಯ ಮೇಲೆ ನಿಂಬೆಹಣ್ಣು, ಟೂತ್‌ಪೇಸ್ಟು, ಗೆಳತಿಯರು ಹೇಳಿದ ಬಿಳುಪಿನ ಕ್ರೀಮು ಯಾವುದನ್ನೂ ಹಚ್ಚಬೇಡ. ಹತ್ತಿ ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ ದಿನಕ್ಕೆ ಮೂರು ಸಲ ಐದೈದು ನಿಮಿಷ ಇಡು. ಸನ್‌ಸ್ಕ್ರೀನನ್ನು ಎರಡು ಬೆರಳಿನ ಉದ್ದಕ್ಕೆ ಹಿಂಡಿ ಹಚ್ಚು, ಜಿಪುಣತನ ಮಾಡಬೇಡ.

ಅಕ್ಕ


ಜೂನ್ 21

ಅಕ್ಕ ಎಂದು ಸಹಿ ಹಾಕಿದವರಿಗೆ,

ಕೀಳಲಿಲ್ಲ ಅಂದರೆ ಕೀಳಲಿಲ್ಲ! ಎಂಟು ವರ್ಷದವಳಿದ್ದಾಗಿನ ಗೋಂದನ್ನು ತಂದು ಈಗ ನನ್ನ ಕೆನ್ನೆಗೆ ಬಳಿಯುತ್ತೀಯಲ್ಲ, ನಾಚಿಕೆಯಾಗಲ್ವಾ ನಿನಗೆ? ಫೋಟೋ ಕಳಿಸಿದ್ದೇನೆ, ಕನ್ನಡಕ ಹಾಕಿಕೊಂಡು ನೋಡು. ಕಿತ್ತಿದ್ದರೆ ಅಂಚು ಹರಕು ಮುರುಕಾಗಿರಬೇಕಿತ್ತು. ಇದು ನಾಣ್ಯ ಇಟ್ಟು ಗೆರೆ ಎಳೆದ ಹಾಗಿದೆ.

ಕೇಸ್ ಶೀಟು ನೋಡಿದೆ. ಅಕ್ಷರ ಮುತ್ತಿನಂತಿದೆ. ಟೈಮರು ಸುಳ್ಳು ಹೇಳಲ್ಲ, ಒಪ್ಪಿದೆ. ಮೂರು ನಿಮಿಷಕ್ಕೆ ಸರಿಯಾಗಿ ಟಿಣ್ ಅಂತು. ನನ್ನ ಕಣ್ಣಿನ ಮೇಲೆ ಒದ್ದೆ ಹತ್ತಿ ಇತ್ತು, ಕಿವಿಯ ಮೇಲೆ ಇರಲಿಲ್ಲ. ಹಣೆಗೆ ಆಸಿಡ್ಡನ್ನು ತಣಿಸುವ ತಣ್ಣನೆ ಸೋಡಾ ನೀರು ಬಿತ್ತು. ಬಲಗೆನ್ನೆಗೆ ಬಿತ್ತು, ಮೂಗಿಗೆ, ಗದ್ದಕ್ಕೆ ಬಿತ್ತು. ಆಗ ನಾನು ಒಂದು ಮಾತು ಕೇಳಿದೆ. "ಅಪ್ಪ ಕೊನೆಗೆ ನನ್ನ ಕೇಳಿದ್ರಾ?" ನೆನಪಿದೆಯಾ? ನಿನ್ನ ಕೈ ನಿಂತಿತು. ಎಡಗೆನ್ನೆ ಉರಿಯಿತು, ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ ಉರಿಯಿತು. ಆಮೇಲೆ "ಇಲ್ಲ" ಅಂದೆ. ಆಮೇಲೆ ನೀರು ಬಿತ್ತು. ನನ್ನ ಪ್ರಶ್ನೆಗೂ ನಿನ್ನ "ಇಲ್ಲ"ಕ್ಕೂ ನಡುವೆ ಎಷ್ಟು ಹೊತ್ತಾಯಿತು? ಅದು ಕೇಸ್ ಶೀಟಿನಲ್ಲಿ ಯಾಕಿಲ್ಲ?

ಹೋದ ವರ್ಷ ಅಪ್ಪ ಹೋದಾಗಿನಿಂದ ನೀನು ನನ್ನ ಜೊತೆ ನೆಟ್ಟಗೆ ಮಾತಾಡಿಲ್ಲ. ನಾನು ಎಲ್ಲ ಮುಗಿದ ಮೇಲೆ ಬಂದೆ, ನಿಜ. ರಜೆ ಸಿಗಲಿಲ್ಲ. ಆ ಸಿಟ್ಟನ್ನು ಬಾಯಲ್ಲಿ ತೀರಿಸಿಕೊಂಡಿದ್ದರೆ ಸುಮ್ಮನಿರುತ್ತಿದ್ದೆ. ಆಸಿಡ್ಡಿನಲ್ಲಿ ತೀರಿಸಿಕೊಂಡೆಯಾ?

ಜುಲೈ 20ರವರೆಗೆ ಸಮಯ ಕೊಡುತ್ತೇನೆ. ಆ ಕೋಣೆಯಲ್ಲಿ ಏನು ನಡೆಯಿತು ಎಂದು ಇದ್ದದ್ದು ಇದ್ದಂತೆ ಬರೆದು ಸಹಿ ಹಾಕಿ ಕಳಿಸು. ಇಲ್ಲದಿದ್ದರೆ ಚರ್ಮ ಚಿಕಿತ್ಸಕರ ಪರಿಷತ್ತಿಗೆ ದೂರು ಹೋಗುತ್ತದೆ. ನಿನ್ನ ಸರ್ಟಿಫಿಕೇಟು ಅವರ ಕೈಯಲ್ಲಿದೆ ಎಂದು ನನಗೆ ಗೊತ್ತು. ಎಂಟು ವರ್ಷದ ಮೇಲೆ ಅವರೂ ಒಂದು ಗೆರೆ ಎಳೆಯಲಿ.

ಇಂತಿ,
ಎಡಗೆನ್ನೆ


ಜೂನ್ 26

ಪಿಟೀಲು,

ಬೆದರಿಕೆ ಹಾಕುವಷ್ಟು ದೊಡ್ಡವಳಾದೆ, ಸಂತೋಷ. ಆ ಸರ್ಟಿಫಿಕೇಟು ನನಗೆ ಯಾರೂ ತಟ್ಟೆಯಲ್ಲಿಟ್ಟು ಕೊಟ್ಟದ್ದಲ್ಲ. ನಿನ್ನ ಕಾಲೇಜು ಮುಗಿಯಲಿ ಎಂದು ನನ್ನ ಓದನ್ನು ನಾಲ್ಕು ವರ್ಷ ಮುಂದೆ ಹಾಕಿ, ಆಮೇಲೆ ನನಗಿಂತ ಚಿಕ್ಕವರ ಪಕ್ಕದಲ್ಲಿ ಕೂತು ಪಡೆದದ್ದು. ಅದು ಹೋದರೆ ನನಗೆ ಬೇರೆ ಕೆಲಸ ಬರುವುದಿಲ್ಲ ಎಂಬುದು ನಿನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೇ ಅಲ್ಲಿಗೆ ಕೈ ಹಾಕಿದ್ದೀಯ.

ಮೂರು ನಿಮಿಷ ಎಂದು ಬರೆದಿದ್ದೇನೆ, ಅಷ್ಟೇ. ಬೇರೆ ಹೇಳುವುದಕ್ಕೆ ಏನೂ ಇಲ್ಲ. ಅಪ್ಪನ ವಿಷಯ ಎತ್ತಬೇಡ. ಏಳು ವಾರ ಹಾಸಿಗೆ ಹಿಡಿದಿದ್ದ ಮನುಷ್ಯನ ಬಗ್ಗೆ ಮಾತಾಡಲು ಆ ಏಳು ವಾರದಲ್ಲಿ ಒಂದು ದಿನವಾದರೂ ಆ ಕೋಣೆಯಲ್ಲಿ ಇದ್ದಿರಬೇಕು.

ಫೋಟೋವನ್ನು ಡಾಕ್ಟರಿಗೆ ತೋರಿಸಿದೆ. ಕಿತ್ತ ಕಲೆಯಲ್ಲ ಎಂದರು. ಅಷ್ಟರಮಟ್ಟಿಗೆ ನನ್ನ ಮಾತನ್ನು ವಾಪಸು ತೆಗೆದುಕೊಂಡಿದ್ದೇನೆ. ಆದರೆ ಅವರು ಕೇಳಿದ ಇನ್ನೊಂದು ಪ್ರಶ್ನೆಗೆ ಉತ್ತರ ಕೊಡು. ಇದು ದಿನಾ ಕಾವು ತಗುಲಿ ಕಪ್ಪಾಗುತ್ತಾ ಹೋಗುವ ಕಲೆಯ ಹಾಗೆ ಕಾಣುತ್ತದಂತೆ. ಒಂದೇ ಕಡೆ ಇದೆ ಎಂದರೆ ಕಾವೂ ಒಂದೇ ಕಡೆಯಿಂದ ಬರುತ್ತಿರಬೇಕು. ಆಫೀಸಿನಲ್ಲಿ ನೀನು ಕೂರುವ ಜಾಗದ ಎಡಕ್ಕೆ ಏನಿದೆ? ಕಿಟಕಿಯೇ? ಗಾಜು ಇದ್ದರೂ ಬಿಸಿಲು ಬಿಸಿಲೇ. ಬಸ್ಸಿನಲ್ಲಿ ಯಾವ ಬದಿಗೆ ಕೂರುತ್ತೀಯ? ಸುಳ್ಳು ಹೇಳಬೇಡ. ಸುಳ್ಳಿಗೆ ಮುಲಾಮು ಇಲ್ಲ.

ಡಾಕ್ಟರು ಬರೆದುಕೊಟ್ಟ ಕ್ರೀಮು ಇಟ್ಟಿದ್ದೇನೆ. ಸಂಜೆ ಒಂದು ಸಲ, ಕಡಲೆಕಾಳಿನಷ್ಟು, ಕಲೆಯ ಮೇಲೆ ಮಾತ್ರ. ಉರಿದರೆ ನಿಲ್ಲಿಸು.

ಅಕ್ಕ


ಜುಲೈ 1

ಅಕ್ಕ ಎಂದು ಸಹಿ ಹಾಕಿದವರಿಗೆ,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಎಷ್ಟು ಹೊತ್ತು ಎಂದು ಕೇಳಿದರೆ ಕಿಟಕಿ ಎಲ್ಲಿದೆ ಎಂದು ಕೇಳುತ್ತೀಯ.

ಹೌದು, ಕಿಟಕಿಯಿದೆ. ಮೂರನೇ ಮಹಡಿ, ಎಡಗಡೆಗೆ ಗೋಡೆಯಗಲ ಗಾಜು. ಹತ್ತು ಗಂಟೆಗೆ ಬಿಸಿಲು ನನ್ನ ಮೇಜಿಗೆ ಬಂದರೆ ಮೂರರವರೆಗೂ ಹೋಗುವುದಿಲ್ಲ. ಕಡತದ ರಾಶಿ ಬಲಕ್ಕೆ, ಪ್ರಿಂಟರು ಹಿಂದೆ, ಮೇಲೆ ಎ.ಸಿ. ಇನ್ನೇನು ಬೇಕು? ಸಾಹೇಬರ ಬೂಟಿನ ಅಳತೆ ಬೇಕಾ?

ಕಿಟಕಿ ಎಲ್ಲರಿಗೂ ಇರುತ್ತದೆ ತಾಯಿ. ಸಾಲಾಗಿ ಕೂತ ಆರು ಜನರಲ್ಲಿ ಯಾರ ಕೆನ್ನೆಯೂ ಸುಟ್ಟ ಬ್ರೆಡ್ಡಿನ ಹಾಗಾಗಿಲ್ಲ. ನೀನು ಮೊದಲು ಅಲ್ಲಿ ಹಸಿ ಮಾಡಿದ್ದಕ್ಕೆ ತಾನೇ ಬಿಸಿಲು ಬಂದು ಅಲ್ಲೇ ಕೂತದ್ದು?

ಕಲೆ ಇನ್ನಷ್ಟು ಕಪ್ಪಾಗಿದೆ. ಕೌಂಟರಿನ ಕುರ್ಚಿ ಬೇರೆಯವಳಿಗೆ ಹೋಯಿತು. ನಿನ್ನೆ ಅವಳು ಬಂದು ಕೂತಳು. ಜೊತೆಯವರು ಎಲ್ಲರಿಗೂ ಕೇಳುವ ಹಾಗೆ ನನ್ನನ್ನು "ಪಾಪ" ಅಂದರು. ಮುಖಕ್ಕೆ ಮಂಗಳಾರತಿ ಎತ್ತಿದ್ದರೂ ತಡೆದುಕೊಳ್ಳುತ್ತಿದ್ದೆ. ಪಾಪ ಅಂದದ್ದನ್ನು ತಡೆಯಲು ಆಗಲಿಲ್ಲ. ಹಿಂದಿನ ಕೋಣೆಗೆ ಹೋಗಿ ಅತ್ತೆ, ಕಣ್ಣೀರಿನ ಉಪ್ಪು ಕಲೆಗೆ ತಾಗಿ ಉರಿಯಿತು. ಅಳಬಾರದು ಎಂದು ನಿನ್ನ ಹನ್ನೆರಡು ಸಾಲಿನಲ್ಲಿ ಎಲ್ಲೂ ಇಲ್ಲ, ಸೇರಿಸಿಕೋ.

ಇನ್ನು ಹತ್ತೊಂಬತ್ತು ದಿನ.

ಎಡಗೆನ್ನೆ


ಜುಲೈ 7

ಏನೆಂದು ಕರೆಯಲಿ ನಿನ್ನನ್ನು?

ಪರದೆಗೆಂದು ನಾಲ್ಕು ಮೀಟರು ದಪ್ಪ ಬಟ್ಟೆ ತಂದೆ. ಎರಡು ಪದರ ಹೊಲಿದರೆ ಬಿಸಿಲು ದಾಟುವುದಿಲ್ಲ ಎಂದು ಅಂಗಡಿಯವನನ್ನು ನಾಲ್ಕು ಸಲ ಕೇಳಿ ತಂದೆ. ಕಿಟಕಿಯ ಅಳತೆ ಬೇಕಿತ್ತು. ನಿನ್ನನ್ನು ಕೇಳಿದರೆ ಅದಕ್ಕೂ ಒಂದು ಕೊಂಕು ಬರುತ್ತದೆ ಎಂದು ನಿನ್ನ ಆಫೀಸಿಗೇ ಫೋನ್ ಮಾಡಿದೆ. ಕುರ್ಚಿಯನ್ನು ಸ್ವಲ್ಪ ಬಲಕ್ಕೆ ಸರಿಸಿ ಕೊಡಿ ಎಂದು ಸಾಹೇಬರನ್ನು ಕೇಳಿಕೊಳ್ಳುವ ಯೋಚನೆಯೂ ಇತ್ತು.

ಫೋನ್ ಎತ್ತಿದ ಹೆಂಗಸು ಒಳ್ಳೆಯವಳು. "ಅವ್ರು ಇಲ್ಲಿ ಬಿಟ್ಟು ಒಂದೂವರೆ ವರ್ಷ ಆಯ್ತಲ್ಲ, ನಿಮಗೆ ಗೊತ್ತಿಲ್ವಾ?" ಅಂದಳು. ಆಮೇಲೆ ದನಿ ತಗ್ಗಿಸಿ, "ತೆಗೆದುಬಿಟ್ರು" ಅಂದಳು. ನಾನು ಯಾರು ಎಂದು ಅವಳು ಕೇಳಿದಾಗ ಪರಿಚಯದವಳು ಎಂದೆ. ಅಕ್ಕ ಎನ್ನಲು ಬಾಯಿ ಬರಲಿಲ್ಲ.

ಒಂದೂವರೆ ವರ್ಷ. ಲೆಕ್ಕ ಹಾಕಲು ನನಗೆ ಬೆರಳು ಬೇಕಿಲ್ಲ. ಅಪ್ಪ ಹಾಸಿಗೆ ಹಿಡಿದದ್ದು ಅದಾದ ಮೇಲೆ. ರಜೆ ಕೊಡುವ ಸಾಹೇಬನೇ ಇರಲಿಲ್ಲ, ನಿನಗೆ ರಜೆ ಸಿಗಲಿಲ್ಲ! ನಾನು ಅಪ್ಪನ ಮಂಚದ ಪಕ್ಕ ಕೂತು ನಿನಗೆ ಫೋನ್ ಮಾಡಿದಾಗಲೆಲ್ಲ "ತಿಂಗಳ ಕೊನೆ ಅಕ್ಕ, ಸಾಹೇಬ್ರು ಬಿಡ್ತಿಲ್ಲ" ಅನ್ನುತ್ತಿದ್ದೆಯಲ್ಲ, ಆಗ ಎಲ್ಲಿ ಕೂತಿರುತ್ತಿದ್ದೆ? ಯಾರ ಜೊತೆ ನಗುತ್ತಿದ್ದೆ? ನಾನು ಆ ಸಾಹೇಬನಿಗೆ ಏಳು ವಾರ ಶಾಪ ಹಾಕಿದ್ದೇನೆ. ಯಾವ ಪಾಪವನ್ನೂ ಮಾಡದ ಮನುಷ್ಯ.

ಕಿಟಕಿಯಿಲ್ಲ, ಮೂರನೇ ಮಹಡಿಯಿಲ್ಲ, ಕಡತದ ರಾಶಿಯಿಲ್ಲ. ಇಷ್ಟು ಚೆಂದ ಸುಳ್ಳು ಹೇಳುವವಳು ನನ್ನ ಕೇಸ್ ಶೀಟಿನಲ್ಲಿ ಸುಳ್ಳು ಹುಡುಕುತ್ತೀಯ. ದೂರು ಕೊಡುವುದಿದ್ದರೆ ಕೊಡು, ಅಲ್ಲಿ ಬಂದು ನಾನೂ ಮಾತಾಡುತ್ತೇನೆ. ನಿನ್ನ ಮುಖಕ್ಕೆ ಕಾವು ಎಲ್ಲಿಂದ ತಗುಲುತ್ತಿದೆಯೋ ನನಗೆ ಬೇಡ. ಬಟ್ಟೆ ಮೂಲೆಯಲ್ಲಿ ಬಿದ್ದಿದೆ.

ಸಹಿ ಹಾಕುವುದಿಲ್ಲ


ಜುಲೈ 11

ಕೇಳು ಹಾಗಾದರೆ. ಕಾವು ಎಲ್ಲಿಂದ ಎಂದು ತಿಳಿದುಕೋ.

ನಾನು ಬೇಕರಿಯಲ್ಲಿದ್ದೇನೆ. ಓವನ್ ಮೇಲೆ. ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ, ದಿನಕ್ಕೆ ನೂರಾ ನಲವತ್ತು ಟ್ರೇ. ಬಲಗೈಯಲ್ಲಿ ಬಾಗಿಲು ಎಳೆದು ಮುಖವನ್ನು ಬಲಕ್ಕೆ ತಿರುಗಿಸಿಕೊಳ್ಳಬೇಕು, ಇಲ್ಲದಿದ್ದರೆ ಹುಬ್ಬು ಸುಟ್ಟುಹೋಗುತ್ತದೆ. ಆಗ ಎಡಗೆನ್ನೆ ನೇರ ಓವನ್ನಿನ ಬಾಯಿಗೆ. ನಿನ್ನ ಡಾಕ್ಟರು ಜಾಣರು, ಒಂದೇ ಫೋಟೋದಲ್ಲಿ ಕಂಡುಹಿಡಿದರು. ನೀನು ಎದುರಿಗೆ ಕೂರಿಸಿಕೊಂಡೂ ಕಾಣಲಿಲ್ಲ. "ಈ ಸೆಖೆಯಲ್ಲಿ ಉದ್ದ ತೋಳು ಯಾಕೆ?" ಎಂದು ಕೇಳಿದೆ. ಆಫೀಸಿನಲ್ಲಿ ಎ.ಸಿ., ಅಭ್ಯಾಸ ಆಗಿಬಿಟ್ಟಿದೆ ಅಂದೆ ನಾನು. ತೋಳು ಎತ್ತಿದ್ದರೆ ಮುಂಗೈಯಿಂದ ಮೊಣಕೈವರೆಗೆ ಟ್ರೇ ತಾಗಿದ ಬರೆಗಳು ಕಾಣುತ್ತಿದ್ದವು. ಕೌಂಟರು ಎಂದದ್ದೂ ಅಲ್ಲಿಯದೇ. ಮಾಲೀಕಳು ಓವನ್ನಿನಿಂದ ತೆಗೆದು ಮುಂದೆ ಬ್ರೆಡ್ಡು ಮಾರಲು ಹಾಕುತ್ತೇನೆ ಎಂದಿದ್ದಳು. ಗಿರಾಕಿಗಳ ಎದುರಿಗೆ ಬರುವ ಮುಖ ಸರಿಯಿರಬೇಕಂತೆ.

ಅಪ್ಪ ಮಲಗಿದಾಗ ನಾನು ಸೇರಿ ಎರಡು ವಾರ. ಮೂರು ತಿಂಗಳು ಒಂದು ದಿನವೂ ತಪ್ಪಬಾರದು, ತಪ್ಪಿದರೆ ಬರಬೇಡ ಅಂದಿದ್ದಳು. ಅದೊಂದೇ ಕಾರಣ ಎಂದರೆ ಅದೂ ಸುಳ್ಳಾಗುತ್ತದೆ. ಬಂದರೆ ಅಪ್ಪ ಮೊದಲು ಕೇಳುತ್ತಿದ್ದದ್ದೇ ಆಫೀಸನ್ನ. ಬೀದಿಯಲ್ಲಿ ಸಿಕ್ಕವರಿಗೆಲ್ಲ "ನನ್ನ ಚಿಕ್ಕ ಮಗಳು ಆಫೀಸಲ್ಲಿದಾಳೆ" ಅನ್ನುತ್ತಿದ್ದ ಮನುಷ್ಯ. ಆ ಮಂಚದ ಪಕ್ಕ ಕೂತು ಸುಳ್ಳು ಹೇಳಲೂ ಆಗುತ್ತಿರಲಿಲ್ಲ, ನಿಜ ಹೇಳಲೂ ಆಗುತ್ತಿರಲಿಲ್ಲ. ಇವತ್ತು ಹೋಗೋಣ, ನಾಳೆ ಹೋಗೋಣ ಎನ್ನುತ್ತಾ ಇದ್ದೆ. ಮುಗಿದೇ ಹೋಯಿತು. ನಾನು ಯಾರ ಜೊತೆಯೂ ನಗುತ್ತಿರಲಿಲ್ಲ ಕಣೇ.

ಈಗ ನಿನ್ನ ಪಾಲು. ಆರೈಕೆಯ ಹಾಳೆಯ ಒಂಬತ್ತನೆಯ ಸಾಲು: "ಎರಡು ವಾರ ಒಲೆ, ಹಬೆ ಮುಂತಾದ ಯಾವುದೇ ಕಾವಿನ ಮುಂದೆ ನಿಲ್ಲಬಾರದು." ಅದನ್ನು ಹಸಿರು ಪೆನ್ನಿನಲ್ಲಿ ಹೊಡೆದು ಹಾಕಿದವಳು ನೀನು. "ನಿನಗಿದು ಬೇಡ ಬಿಡು, ಜನ್ಮದಲ್ಲಿ ಒಲೆ ಹಚ್ಚಿದವಳಲ್ಲ, ಕ್ಯಾಂಟೀನಿನಲ್ಲಿ ಉಂಡು ಬೆಳೆದವಳು" ಎಂದು ನಕ್ಕೆ. ನಾನೂ ನಕ್ಕೆ. ಗೆರೆಯ ಕೆಳಗೆ ಅಕ್ಷರ ಚೆನ್ನಾಗಿಯೇ ಕಾಣುತ್ತಿತ್ತು. ಐದನೇ ದಿನ ಓವನ್ ಮುಂದೆ ನಿಂತಾಗ, ಅಷ್ಟು ತಿಳಿದವಳೇ ಹೊಡೆದು ಹಾಕಿದ್ದಾಳೆ, ಅಷ್ಟೇನೂ ಮುಖ್ಯವಿರಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಬೇರೆ ಯಾವ ರೋಗಿಯ ಹಾಳೆಯಲ್ಲಾದರೂ ಕೇಳದೆ ಒಂದು ಸಾಲು ಹೊಡೆಯುತ್ತಿದ್ದೆಯಾ? ನನ್ನದನ್ನು ಹೊಡೆದೆ. ನನ್ನ ಬಗ್ಗೆ ಎಲ್ಲ ಗೊತ್ತು ಎಂಬ ಆ ನಿನ್ನ ಜಂಬ. ಆ ಹಾಳೆಯೂ ದೂರಿನ ಜೊತೆ ಹೋಗುತ್ತದೆ. ಆ ಕೋಣೆಯಲ್ಲಿ ನಿನ್ನ ಕೈ ನಿಂತದ್ದಕ್ಕೆ ಮಾತ್ರ ಇನ್ನೂ ಉತ್ತರ ಬಂದಿಲ್ಲ. ಒಂಬತ್ತು ದಿನ ಉಳಿದಿದೆ.

ಪಿಟೀಲು


ಜುಲೈ 16

ಪಿಟೀಲು,

ನೀನು ದೂರು ಕೊಡುವ ತೊಂದರೆ ತೆಗೆದುಕೊಳ್ಳಬೇಡ. ನಿನ್ನೆ ನಾನೇ ಕೊಟ್ಟೆ.

ಕೇಸ್ ಶೀಟಿನ ಹೊಸ ಪ್ರತಿ ಜೊತೆಗಿದೆ. ಎಡಗೆನ್ನೆಯ ಮುಂದೆ ಮೂರು ನಿಮಿಷ ಎಂದಿದ್ದದ್ದನ್ನು ತಿದ್ದಿದ್ದೇನೆ. ಪಕ್ಕದಲ್ಲಿ ನನ್ನ ಸಹಿ, ತಾರೀಖು, ಡಾಕ್ಟರ ಸಹಿ ಇವೆ. ಮೂರು ನಿಮಿಷ ನಲವತ್ತೈದು ಸೆಕೆಂಡು. ಎದುರಿಗಿದ್ದ ಗೋಡೆ ಗಡಿಯಾರದ ಮುಳ್ಳನ್ನು ನೋಡುತ್ತಲೇ ನಿಂತಿದ್ದೆ, ಅದಕ್ಕೇ ಇಷ್ಟು ಕರಾರುವಾಕ್ಕಾಗಿ ಗೊತ್ತು. ನಿನ್ನ ಕೆನ್ನೆಯ ಮೂಳೆಯ ಮೇಲೆ ಚರ್ಮ ಬೆಳ್ಳಗಾಗತೊಡಗಿತು. ಬೆಳ್ಳಗಾದ ಕೂಡಲೇ ಸೋಡಾ ನೀರು ಹಾಕಬೇಕು ಎಂದು ಮೊದಲ ದಿನದ ಕಲಿಕೆಯವರಿಗೂ ಗೊತ್ತು. ಒದ್ದೆ ಬಟ್ಟೆ ನನ್ನ ಕೈಯಲ್ಲೇ ಇತ್ತು. ಕೈ ಮರೆತದ್ದಲ್ಲ. ಉರಿಯಲಿ ಎಂದು ನಿಂತೆ. ಇದನ್ನೂ ಪರಿಷತ್ತಿಗೆ ಇದೇ ಮಾತಿನಲ್ಲಿ ಬರೆದಿದ್ದೇನೆ.

ಅಷ್ಟರಿಂದಲೇ ಈ ಕಲೆ ಬರುತ್ತಿರಲಿಲ್ಲ, ವಾರದಲ್ಲಿ ತಿಳಿಯಾಗುತ್ತಿತ್ತು, ಓವನ್ನಿನ ಕಾವು ಅದನ್ನು ಕಪ್ಪು ಮಾಡಿತು ಎನ್ನುತ್ತಾರೆ ಡಾಕ್ಟರು. ಹಾಗೆಂದು ನನಗೆ ಸಮಾಧಾನ ಹೇಳಿದರು. ಬೇಡ ಎಂದೆ. ಆ ಒಂಬತ್ತನೆಯ ಸಾಲು ಹೊಡೆದದ್ದು ನಾನೇ ತಾನೇ? ನೀನು ಕೇಳಿದ್ದು ಸರಿ. ಬೇರೆ ಯಾರ ಹಾಳೆಯಲ್ಲೂ ಹೊಡೆಯುತ್ತಿರಲಿಲ್ಲ.

ಆಗಸ್ಟ್ 4ಕ್ಕೆ ವಿಚಾರಣೆ. ಅಲ್ಲಿಯವರೆಗೆ ಮೂರನೇ ಕೋಣೆಗೆ ನನಗೆ ಪ್ರವೇಶವಿಲ್ಲ. ಎದುರಿನ ಕೌಂಟರಿನಲ್ಲಿ ಕೂತು ಬಂದವರ ಹೆಸರು ಬರೆದುಕೊಳ್ಳುತ್ತೇನೆ. ನಿನಗೆ ಬೇಕಾಗಿದ್ದ ಕುರ್ಚಿ ನನಗೆ ಸಿಕ್ಕಿತು. ನಗುವುದಿದ್ದರೆ ನಕ್ಕುಬಿಡು.

ಇನ್ನು ನಿನ್ನ ಪ್ರಶ್ನೆ. ನಾನು "ಇಲ್ಲ" ಅಂದದ್ದು ಸುಳ್ಳು. ಅಪ್ಪ ನಿನ್ನನ್ನು ಕೇಳಿದರು. ಒಂದು ಸಲವಲ್ಲ. ಏಳು ವಾರ ಅವರ ಬೆನ್ನು ಒರೆಸಿದವಳು ನಾನು, ಮಗ್ಗುಲು ತಿರುಗಿಸಿದವಳು ನಾನು, ಬಾಯಿಗೆ ಚಮಚ ಹಿಡಿದವಳು ನಾನು. ಅವರು ಚಮಚ ನೋಡುತ್ತಿರಲಿಲ್ಲ, ಬಾಗಿಲು ನೋಡುತ್ತಿದ್ದರು. ಪಕ್ಕದಲ್ಲೇ ಇರುವವಳನ್ನು ಯಾರು ಕರೆಯುತ್ತಾರೆ ಹೇಳು? ನನ್ನ ಹೊಟ್ಟೆ ಉರಿಯಿತು. ಆ ಉರಿಯನ್ನು ವರ್ಷವಿಡೀ ಇಟ್ಟುಕೊಂಡಿದ್ದೆ, ನೀನು ಕಣ್ಣು ಮುಚ್ಚಿ ನನ್ನ ಕೈ ಕೆಳಗೆ ಮಲಗಿ ಅದನ್ನೇ ಕೇಳಿದೆ. ಹೆಚ್ಚಿಗೆ ಬರೆಯಲು ಇವತ್ತು ಆಗುತ್ತಿಲ್ಲ.

ಪರದೆಗೆ ತಂದ ಬಟ್ಟೆ ದಂಡವಾಗುವುದು ಬೇಡ ಎಂದು ಎರಡು ಪದರದ ಮುಖಗವಸು ಹೊಲಿದಿದ್ದೇನೆ. ಓವನ್ ಮುಂದೆ ಹೋಗುವ ಮೊದಲು ತಣ್ಣೀರಿನಲ್ಲಿ ಅದ್ದಿ ಹಿಂಡಿ ಕಟ್ಟಿಕೋ. ಆದರೆ ಕಟ್ಟಿಕೊಂಡರೂ ಅಲ್ಲಿ ಬಹಳ ದಿನ ನಿಲ್ಲಬಾರದು, ನಿನ್ನ ಮಾಲೀಕಳಿಗೆ ತೋರಿಸಲು ಡಾಕ್ಟರ ಚೀಟಿಯನ್ನೂ ಇಟ್ಟಿದ್ದೇನೆ. ಕಲೆ ಹೋಗಲು ಆರು ತಿಂಗಳು ಹಿಡಿಯಬಹುದು, ಪೂರ್ತಿ ಹೋಗುತ್ತದೆ ಎಂದು ನಾನು ಮಾತು ಕೊಡುವುದಿಲ್ಲ.

ಅಕ್ಕ


ಜುಲೈ 21

ಅಕ್ಕ,

ಇದನ್ನು ಕ್ಷಮೆಯ ಕಾಗದ ಅಂದುಕೊಳ್ಳಬೇಡ. ನಿನ್ನ ಕಾಗದ ಓದಿ ಆ ದಿನ ಎರಡು ಟ್ರೇ ಸುಟ್ಟೆ. ನಲವತ್ತೈದು ಸೆಕೆಂಡನ್ನು ಓವನ್ನಿನ ಟೈಮರಿಗೆ ಕೊಟ್ಟು, ಅದು ಮುಗಿಯುವವರೆಗೂ ಎದುರಿಗೆ ನಿಂತು ನೋಡಿದೆ. ಬಹಳ ಹೊತ್ತು ಅದು. ಅಷ್ಟು ಹೊತ್ತು ನನ್ನ ಮುಖ ನೋಡುತ್ತಾ ನಿಲ್ಲಲು ನಿನ್ನಿಂದ ಹೇಗಾಯಿತು ಎಂದು ನನಗೆ ಇನ್ನೂ ಗೊತ್ತಾಗಿಲ್ಲ. ಸಿಟ್ಟು ಇಳಿದಿಲ್ಲ. ಇಳಿಯುವ ಹಾಗೂ ಕಾಣುವುದಿಲ್ಲ.

ಪರಿಷತ್ತಿಗೆ ನಾನೂ ಒಂದು ಹಾಳೆ ಕಳಿಸಿದ್ದೇನೆ. ಐದನೇ ದಿನದಿಂದ ಓವನ್ ಮುಂದೆ ಇದ್ದೆ, ಇರಬಾರದು ಎಂದು ಗೊತ್ತಿತ್ತು, ಕೆಲಸದ ಬಗ್ಗೆ ಚಿಕಿತ್ಸಕಿಗೆ ಸುಳ್ಳು ಹೇಳಿದ್ದೆ ಎಂದು ಬರೆದು ಸಹಿ ಹಾಕಿದೆ. ನಿನ್ನನ್ನು ಉಳಿಸುವುದಕ್ಕಲ್ಲ. ಇದ್ದದ್ದು ಇದ್ದಂತೆ ಇರಲಿ ಎಂದು ಕೇಳಿದವಳು ನಾನೇ, ಅದಕ್ಕೆ. ನಿನ್ನ ಸರ್ಟಿಫಿಕೇಟು ಉಳಿದರೆ ಉಳಿಯಿತು, ಹೋದರೆ ಹೋಯಿತು, ಅವರಿಗೆ ಬಿಟ್ಟದ್ದು.

ಮಾಲೀಕಳಿಗೆ ಡಾಕ್ಟರ ಚೀಟಿ ತೋರಿಸಿದೆ. ಗೊಣಗುತ್ತಾ ಹಿಟ್ಟು ನಾದುವ ಮೇಜಿಗೆ ಹಾಕಿದ್ದಾಳೆ, ಕಾವಿಲ್ಲ. ಮುಖಗವಸು ಬಂತು. ದೊಡ್ಡದಾಯಿತು, ಮೂಗಿನಿಂದ ಜಾರುತ್ತದೆ. ನನ್ನ ಮುಖ ಎಷ್ಟಿದೆ ಎಂದು ಕೂಡ ನಿನಗೆ ನೆನಪಿಲ್ಲ. ಎರಡೂ ಕಡೆ ಹೊಲಿಗೆ ಹಿಡಿದು ಕಟ್ಟಿಕೊಂಡಿದ್ದೇನೆ.

ಈಗ ನೀನು ನನಗೆ ಇನ್ನೊಂದು ಕಾಗದ ಬರೆಯಬೇಕು. ಇವತ್ತು ಆಗುತ್ತಿಲ್ಲ ಎಂದೆಯಲ್ಲ, ನಾಳೆ ಬರೆ, ಇಲ್ಲವೇ ಆಚೆ ನಾಡಿದ್ದು ಬರೆ. ಅಪ್ಪ ನನ್ನನ್ನು ಏನೆಂದು ಕೇಳಿದರು, ಎಷ್ಟು ಸಲ ಕೇಳಿದರು, ಬೆಳಿಗ್ಗೆಯೋ ಸಂಜೆಯೋ, ಹೆಸರು ಹಿಡಿದು ಕೇಳಿದರೋ ಪಿಟೀಲು ಅಂದರೋ, ಅದಕ್ಕೆ ನೀನು ಏನು ಹೇಳಿದೆ, ನೀನು ಹೇಳಿದ ಮೇಲೆ ಅವರು ಏನು ಮಾಡಿದರು. ನನ್ನನ್ನು ಬೈದಿದ್ದರೆ ಆ ಬೈಗುಳವನ್ನೂ ಬರೆ. ನನಗೆ ನೋವಾಗುತ್ತದೆ, ನನಗಿದು ಬೇಡ ಎಂದು ನೀನೇ ತೀರ್ಮಾನ ಮಾಡಬೇಡ.

ಒಂದು ಸಾಲನ್ನೂ ಹೊಡೆದು ಹಾಕಬೇಡ.

ಪಿಟೀಲು